ಸುರುಳಿಯೆಲ್ಲ ತೆರ್ಮೆಯಲ್ಲ

ಏಪ್ರಿಲ್ ಕೊನೆಯ ವಾರ ಬಂತೆಂದರೆ ನ್ಯೂಜೆರ್ಸಿಯ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ತಪ್ಪದೆ ಕಾಣಿಸಿಕೊಳ್ಳುತ್ತದೆ. ಒಣಗಿದ ಎಲೆಗಳ ನಡುವೆ ತಲೆಯೆತ್ತಿದ ಹಸಿರು ಚಿಗುರು, ತುದಿಯಲ್ಲಿ ಬಿಗಿಯಾಗಿ ಸುತ್ತಿಕೊಂಡ ಸುರುಳಿ. ಕೆಳಗೆ ಪ್ರಶ್ನೆ: "ಇದು ನಮ್ಮೂರಿನ ತೆರ್ಮೆ ತಾನೆ? ಕಿತ್ತು ಪಲ್ಯ ಮಾಡಬಹುದಾ?"

ಕೊಡಗಿನ ಮಳೆಯಲ್ಲಿ ತೋಡಿನ ಬದಿಯಿಂದ ತೆರ್ಮೆ ಕಿತ್ತು ತಂದು, ಅಕ್ಕಿ ಒಟ್ಟಿಯ ಜೊತೆ ಉಂಡು ಬೆಳೆದವರಿಗೆ ಆ ಫೋಟೊ ಕಂಡಾಗ ಆಗುವ ಆಸೆ ನನಗೆ ಚೆನ್ನಾಗಿ ಗೊತ್ತು. ಹಾಗೆಂದೇ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ತೆರ್ಮೆ ಅಲ್ಲ. ತೆರ್ಮೆ ಉಷ್ಣವಲಯದ ಜರಿಗಿಡ (ಫರ್ನ್), ಇಲ್ಲಿನ ಹಿಮವನ್ನು ಅದು ತಡೆಯದು. ಇಲ್ಲಿನ ಕಾಡಿನಲ್ಲಿ ಕಾಣುವ ಸುರುಳಿಗಳಲ್ಲಿ ಒಂದು ಬಗೆಯನ್ನು ಸರಿಯಾಗಿ ಬೇಯಿಸಿ ತಿನ್ನಬಹುದು. ಉಳಿದವುಗಳಲ್ಲಿ ಕೆಲವು ಹೊಟ್ಟೆ ಕೆಡಿಸುತ್ತವೆ, ಒಂದಂತೂ ಅದಕ್ಕಿಂತ ದೊಡ್ಡ ಅಪಾಯ. ನಿಜವಾದ ತೆರ್ಮೆಯೇ ಬೇಕೆಂದರೆ ಅದಕ್ಕೂ ದಾರಿಯಿದೆ, ಆದರೆ ಅದು ಕಾಡಿನ ದಾರಿಯಲ್ಲ, ಕುಂಡದ ದಾರಿ.

ತೆರ್ಮೆ ಎಂದರೆ ಯಾವ ಗಿಡ?

ತೆರ್ಮೆಯ ಸಸ್ಯಶಾಸ್ತ್ರೀಯ ಹೆಸರು ಡಿಪ್ಲಾಜಿಯಂ ಎಸ್ಕುಲೆಂಟಮ್. ಸ್ವೀಡನ್ನಿನ ಸಸ್ಯವಿಜ್ಞಾನಿ ರೆಟ್ಜಿಯಸ್ 1791ರಲ್ಲಿ ಇದನ್ನು ಬೇರೊಂದು ಕುಲದ ಕೆಳಗೆ ವರ್ಣಿಸಿದ. 1803ರಲ್ಲಿ ಅದೇ ದೇಶದ ಓಲೋಫ್ ಸ್ವಾರ್ಟ್ಜ್ ಈಗಿನ ಕುಲಕ್ಕೆ ಸೇರಿಸಿದ. 'ಎಸ್ಕುಲೆಂಟಮ್' ಎಂದರೆ ತಿನ್ನಲು ಯೋಗ್ಯವಾದದ್ದು ಎಂದೇ ಅರ್ಥ. ಹೆಸರಿಡುವ ಮೊದಲೇ ಏಷ್ಯಾದ ಅಡುಗೆಮನೆಗಳು ಆ ಮಾತನ್ನು ಸಾಬೀತು ಮಾಡಿದ್ದವು. ಅಸ್ಸಾಮಿನವರು ಇದನ್ನು ಢೇಕಿಯಾ ಎನ್ನುತ್ತಾರೆ, ಫಿಲಿಪ್ಪೀನ್ಸಿನವರು ಪಾಕೊ ಎನ್ನುತ್ತಾರೆ, ಮಲೇಷ್ಯಾದವರು ಪಾಕು ಎನ್ನುತ್ತಾರೆ. ಕ್ವೀನ್ಸ್‌ನಲ್ಲೋ ಜರ್ಸಿ ಸಿಟಿಯಲ್ಲೋ ಅಸ್ಸಾಮಿ ಅಥವಾ ಫಿಲಿಪ್ಪೀನೊ ನೆರೆಯವರಿದ್ದರೆ ಈ ಹೆಸರು ಹೇಳಿ ನೋಡಿ, ಮಾತು ತಾನಾಗಿ ಅಡುಗೆಗೆ ಬರುತ್ತದೆ.

ತೆರ್ಮೆ ನೀರಿನ ಗಿಡ. ತೋಡಿನ ದಡ, ಗದ್ದೆಯ ಬದು, ಜೌಗು ನೆಲ ಅದಕ್ಕೆ ಇಷ್ಟ. ನೆಲದಡಿಯ ಕಾಂಡ ಬೆಳೆಯುತ್ತಾ ಬೆಳೆಯುತ್ತಾ ನೆಟ್ಟಗೆ ನಿಂತು ಗಿಡ್ಡ ಬೊಡ್ಡೆಯ ಹಾಗಾಗುತ್ತದೆ. ಅದರ ತಲೆಯಿಂದ ಎಲೆಗಳು ಸುತ್ತಲೂ ಹೊರಡುತ್ತವೆ. ಎಳೆಯ ಗಿಡದಲ್ಲಿ ಎಲೆ ಒಂದು ಸಲ ಮಾತ್ರ ಸೀಳಿರುತ್ತದೆ. ಬಲಿತ ಗಿಡದಲ್ಲಿ ಪ್ರತಿ ಸೀಳೂ ಮತ್ತೆ ಸೀಳಿ, ಎಲೆ ಮನುಷ್ಯನ ಎತ್ತರಕ್ಕೂ ಬೆಳೆಯಬಲ್ಲದು.

ಗುರುತು ಹಿಡಿಯಬೇಕಾದರೆ ಬಲಿತ ಎಲೆಯನ್ನು ಮಗುಚಿ ನೋಡಿ. ಕಿರುನರಗಳ ಉದ್ದಕ್ಕೆ ಕಂದು ಗೀರುಗಳು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಸಾಲುಗಟ್ಟಿರುತ್ತವೆ. ಇವು ಬೀಜಕಗಳ ಗೂಡುಗಳು. ಕೆಲವು ನರಗಳ ಎರಡೂ ಪಕ್ಕ ಬೆನ್ನಿಗೆ ಬೆನ್ನು ಕೊಟ್ಟು ಜೋಡಿಯಾಗಿ ಕೂತಿರುತ್ತವೆ. ಡಿಪ್ಲಾಜಿಯಂ ಎಂಬ ಹೆಸರಿನಲ್ಲಿರುವ 'ಜೋಡಿ' ಇದೇ. ವರಾಂಡದಲ್ಲಿ ನೇತುಹಾಕುವ ಬಾಸ್ಟನ್ ಫರ್ನ್‌ನ ಎಲೆಯನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಅದರಲ್ಲಿ ಗೀರಿಲ್ಲ, ಅಂಚಿನ ಹತ್ತಿರ ದುಂಡಗಿನ ಚುಕ್ಕೆಗಳ ಸಾಲಿರುತ್ತದೆ.

ಹೂವಿಲ್ಲ, ಬೀಜವಿಲ್ಲ

ಜರಿಗಿಡಗಳಿಗೆ ಹೂವೂ ಇಲ್ಲ, ಬೀಜವೂ ಇಲ್ಲ. ಎಲೆಯಡಿಯ ಗೂಡುಗಳಿಂದ ಧೂಳಿನಂಥ ಬೀಜಕಗಳು ಉದುರುತ್ತವೆ. ಒದ್ದೆ ಮಣ್ಣಿಗೆ ಬಿದ್ದ ಬೀಜಕ ನೇರವಾಗಿ ಜರಿಗಿಡವಾಗುವುದಿಲ್ಲ. ಮೊದಲು ಕಿರುಬೆರಳ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ತೆಳು ಹಸಿರು ಹಾಳೆಯಾಗುತ್ತದೆ. ಗಂಡು ಹೆಣ್ಣು ಕೋಶಗಳು ಹುಟ್ಟುವುದು ಆ ಹಾಳೆಯ ಅಡಿಯಲ್ಲಿ. ಗಂಡು ಕೋಶ ನೀರಿನಲ್ಲಿ ಈಜಿಯೇ ಹೆಣ್ಣು ಕೋಶವನ್ನು ಸೇರಬೇಕು. ಅವೆರಡೂ ಕೂಡಿದ ಮೇಲೆ ನಮಗೆ ಗೊತ್ತಿರುವ ಜರಿಗಿಡ ಮೇಲೇಳುತ್ತದೆ. ತೆರ್ಮೆ ತೋಡಿನ ದಡ ಬಿಟ್ಟು ಕದಲದಿರುವುದಕ್ಕೆ ಇದೂ ಒಂದು ಕಾರಣ. ಕುಂಡದಲ್ಲಿ ಬೆಳೆಸುವಾಗ ಈ ಮಾತನ್ನು ನೆನಪಿನಲ್ಲಿಡಿ, ಗಿಡ ಒಣಗಿದರೆ ಅದರ ಕಥೆ ಮುಗಿಯಿತು.

ಸುರುಳಿಯೂ ಬರೀ ಚೆಂದಕ್ಕಲ್ಲ. ಎಲೆಯ ಬೆಳೆಯುವ ತುದಿ ಎಲ್ಲಕ್ಕಿಂತ ಎಳಸು. ಅದನ್ನು ಒಳಗಿಟ್ಟು ಸುತ್ತಿಕೊಂಡು ಗಿಡ ಕಾಪಾಡುತ್ತದೆ. ಸುರುಳಿಯ ಹೊರಮೈ ಬೇಗ ಬೆಳೆಯುವಷ್ಟು ಕಾಲ ಅದು ಸುತ್ತಿಕೊಂಡಿರುತ್ತದೆ, ಒಳಮೈಯ ಬೆಳವಣಿಗೆ ಚುರುಕಾದಾಗ ಬಿಚ್ಚಿಕೊಳ್ಳುತ್ತದೆ. ತಿನ್ನಲು ತಕ್ಕ ಹೊತ್ತು ಬಿಚ್ಚುವುದಕ್ಕೆ ಮುಂಚಿನದು. ಇದು ಹೆಚ್ಚುಕಡಿಮೆ ಎಲ್ಲ ಜರಿಗಿಡಗಳಿಗೂ ಇರುವ ಸ್ವಭಾವ. ಆದ್ದರಿಂದ ಸುರುಳಿ ಕಂಡಿತೆಂದರೆ ಅದೊಂದು ಜರಿಗಿಡ ಎಂದಷ್ಟೇ ತಿಳಿಯುತ್ತದೆ. ಯಾವ ಜರಿಗಿಡ ಎಂದು ತಿಳಿಯುವುದಿಲ್ಲ.

ಇಲ್ಲಿ ತಿನ್ನಬಹುದಾದ ಸುರುಳಿ

ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಮ್ಯಾನ್‌ಹಟನ್‌ನ ಯೂನಿಯನ್ ಸ್ಕ್ವೇರ್ ಗ್ರೀನ್‌ಮಾರ್ಕೆಟ್‌ನಂಥ ರೈತರ ಸಂತೆಗಳಲ್ಲಿ, ಕೆಲವು ಸೂಪರ್‌ಮಾರ್ಕೆಟ್‌ಗಳಲ್ಲಿ 'ಫಿಡಲ್‌ಹೆಡ್' ಎಂಬ ಹೆಸರಿನಲ್ಲಿ ಹಸಿರು ಸುರುಳಿ ಮಾರಾಟಕ್ಕೆ ಬರುತ್ತದೆ. ಪಿಟೀಲಿನ ತುದಿಯ ಸುರುಳಿಯನ್ನು ಹೋಲುವುದರಿಂದ ಆ ಹೆಸರು. ಇದು ಆಸ್ಟ್ರಿಚ್ ಫರ್ನ್, ಸಸ್ಯಶಾಸ್ತ್ರದಲ್ಲಿ ಮಟ್ಟೂಸಿಯ ಸ್ಟ್ರುಥಿಯಾಪ್ಟೆರಿಸ್. ತಂಪು ನಾಡಿನ ಗಿಡ, ತೆರ್ಮೆಯ ಕುಟುಂಬದ್ದಲ್ಲ. ತೆರ್ಮೆಯ ಕುಟುಂಬಕ್ಕೆ ಸೇರಿದ ಲೇಡಿ ಫರ್ನ್ ಕೂಡ ಈ ಸೀಮೆಯ ಕಾಡಿನಲ್ಲಿ ಧಾರಾಳವಾಗಿದೆ. ಆದರೆ ನಿಮ್ಮ ಬಾಣಲೆಗೆ ಬರಬೇಕಾದದ್ದು ಆ ನೆಂಟ ಅಲ್ಲ, ಈ ಪರಕೀಯ. ಗಿಡಗಳಲ್ಲಿ ನೆಂಟತನ ನೋಡಿ ಅಡುಗೆ ಮಾಡಲಾಗದು.

ಆಸ್ಟ್ರಿಚ್ ಫರ್ನ್‌ನ ಗುರುತು ಮೂರು. ಮೂರೂ ಒಟ್ಟಿಗೆ ಇರಬೇಕು.

ಒಂದು, ದಂಟು ನುಣುಪಾಗಿರುತ್ತದೆ. ಉಣ್ಣೆಯಾಗಲಿ ನವಿರಾಗಲಿ ಇರುವುದಿಲ್ಲ.

ಎರಡು, ದಂಟಿನ ಒಳಮೈಯಲ್ಲಿ ಆಳವಾದ ತೋಡು ಉದ್ದಕ್ಕೂ ಇರುತ್ತದೆ. ಸೆಲರಿ ದಂಟಿನಲ್ಲಿ ಇರುವಂಥದ್ದೇ. ಕಣ್ಣಿಗೆ ಅನುಮಾನ ಬಂದರೆ ಹೆಬ್ಬೆರಳ ಉಗುರು ಇಟ್ಟು ನೋಡಿ, ಅದರಲ್ಲಿ ಕೂರುತ್ತದೆ.

ಮೂರು, ಸುರುಳಿಯ ಮೇಲೆ ಈರುಳ್ಳಿ ಸಿಪ್ಪೆಯಂಥ ಕಂದು ಪೊರೆ ಇರುತ್ತದೆ. ಅಂಗೈಯಲ್ಲಿಟ್ಟು ಉಜ್ಜಿದರೆ ತೆಳ್ಳಗೆ ಉದುರಿಹೋಗುತ್ತದೆ.

ಬೆಳೆದ ಗಿಡ ಹೂದಾನಿಯ ಆಕಾರದಲ್ಲಿ ಗುಂಪಾಗಿ ನಿಲ್ಲುತ್ತದೆ. ಬೀಜಕ ಹೊರುವ ಎಲೆಗಳು ಬೇರೆಯೇ ಇದ್ದು, ಉಷ್ಟ್ರಪಕ್ಷಿಯ ಗರಿಯ ಹಾಗೆ ಕಂದಾಗಿ ಒಣಗಿ, ಚಳಿಗಾಲವಿಡೀ ಬುಡದಲ್ಲೇ ನಿಂತಿರುತ್ತವೆ. ವಸಂತದಲ್ಲಿ ಗುರುತಿಗೆ ಇದು ಒಳ್ಳೆಯ ನೆರವು.

1994ರ ಪಾಠ

ಈ ಸುರುಳಿಯನ್ನು ಜನ ತಲೆಮಾರುಗಳಿಂದ ತಿನ್ನುತ್ತಿದ್ದಾರೆ, ಹಾಗಾಗಿ ಅರ್ಧ ಬೆಂದರೂ ನಡೆಯುತ್ತದೆ ಎಂಬ ಭಾವನೆ ಒಂದು ಕಾಲದಲ್ಲಿ ಇಲ್ಲಿತ್ತು. 1994ರ ಮೇ ತಿಂಗಳಲ್ಲಿ ಅದು ಸುಳ್ಳಾಯಿತು. ನ್ಯೂಯಾರ್ಕ್ ರಾಜ್ಯದ ಸ್ಟೂಬೆನ್ ಕೌಂಟಿಯಲ್ಲೂ ಪಶ್ಚಿಮ ಕೆನಡಾದಲ್ಲೂ ಫಿಡಲ್‌ಹೆಡ್ ಉಂಡವರಿಗೆ ವಾಂತಿ ಭೇದಿ ಶುರುವಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅದೇ ವರ್ಷ ವರದಿ ಪ್ರಕಟಿಸಿತು. ಕಾಯಿಲೆ ಬಿದ್ದವರು ತಿಂದದ್ದು ಹಸಿಯಾಗಿ, ಇಲ್ಲವೆ ಬಾಣಲೆಯಲ್ಲಿ ಕೊಂಚವೇ ಬಾಡಿಸಿದ ಸುರುಳಿಯನ್ನು. ಮೊದಲು ಹತ್ತು ನಿಮಿಷ ಕುದಿಸಿ ಆಮೇಲೆ ಹುರಿದು ಬಡಿಸಿದ ಕಡೆ ಉಂಡವರಿಗೆ ಏನೂ ಆಗಿರಲಿಲ್ಲ.

ಕಾರಣವಾದ ವಿಷ ಯಾವುದೆಂದು ಅಂದು ಗುರುತಿಸಲಾಗಲಿಲ್ಲ. ಚೆನ್ನಾಗಿ ಕುದಿಸಿದರೆ ತೊಂದರೆ ಬರುವುದಿಲ್ಲ ಎಂಬುದು ಮಾತ್ರ ಸ್ಪಷ್ಟವಾಯಿತು. ಆ ವರದಿ ಹತ್ತು ನಿಮಿಷ ಕುದಿಸಲು ಹೇಳಿತು. ಕೆನಡಾದ ಆರೋಗ್ಯ ಇಲಾಖೆ ಇಂದು ಹೇಳುವುದು ಹದಿನೈದು ನಿಮಿಷದ ಕುದಿ, ಇಲ್ಲವೆ ಹತ್ತರಿಂದ ಹನ್ನೆರಡು ನಿಮಿಷದ ಹಬೆ. ನಮ್ಮ ಮನೆಯಲ್ಲಿ ಹದಿನೈದು ನಿಮಿಷವೇ ನಿಯಮ. ಬಣ್ಣ ಕೆಟ್ಟೀತು, ಕರಕರ ಹೋದೀತು ಎಂದು ಯಾವ ಅಡುಗೆ ವಿಡಿಯೊ ಹೇಳಿದರೂ ಕಿವಿಗೊಡಬೇಡಿ.

ತಿಂದ ಮೇಲೆ ವಾಕರಿಕೆ, ವಾಂತಿ, ಭೇದಿ, ಹೊಟ್ಟೆನೋವು ಕಾಣಿಸುವುದು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಹನ್ನೆರಡು ಗಂಟೆಯೊಳಗೆ. ಅಂಥ ಸಂದರ್ಭದಲ್ಲಿ ಅಮೆರಿಕದ ಎಲ್ಲ ಕಡೆಯಿಂದಲೂ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದಾದ ವಿಷ ಮಾಹಿತಿ ಸಂಖ್ಯೆ 1-800-222-1222. ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿಡಿ. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ನೀರು ಕಡಿಮೆಯಾಗದಂತೆ ನೋಡಿಕೊಂಡು ತಡಮಾಡದೆ ವೈದ್ಯರನ್ನು ಕಾಣಿ.

ಮುಟ್ಟಬಾರದ ಸುರುಳಿಗಳು

ಎಲ್ಲಕ್ಕಿಂತ ಮೊದಲು ಬ್ರಾಕೆನ್. ಬಯಲು, ರಸ್ತೆಬದಿ, ಸುಟ್ಟ ಕಾಡು ಎಲ್ಲೆಂದರಲ್ಲಿ ಬೆಳೆಯುತ್ತದೆ. ನಮ್ಮ ಘಟ್ಟದ ಮೇಲಿನ ಹುಲ್ಲುಗಾವಲಿನ ಅಂಚುಗಳಲ್ಲೂ ಈ ಕುಲದ ಗಿಡ ಇದೆ. ಚಿಗುರು ಗುಂಪಾಗಿ ಬರದೆ ನೆಲದಿಂದ ಒಂದೊಂದೇ ಏಳುತ್ತದೆ, ತುದಿ ಮೂರಾಗಿ ಕವಲೊಡೆದು ಹದ್ದಿನ ಮುಚ್ಚಿದ ಕಾಲಿನ ಹಾಗೆ ಕಾಣುತ್ತದೆ. ಮೈಮೇಲೆ ನವಿರು ಕೂದಲಿರುತ್ತದೆ. ಇದರಲ್ಲಿ ಟಾಕ್ವಿಲೊಸೈಡ್ ಎಂಬ ವಿಷವಿದೆ. ಇದನ್ನು ಮೇಯ್ದ ದನಗಳಿಗೆ ಮೂತ್ರದಲ್ಲಿ ರಕ್ತ ಹೋಗುವ ಕಾಯಿಲೆ ಬರುತ್ತದೆ, ಮೂತ್ರಕೋಶದಲ್ಲಿ ಗಡ್ಡೆ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1987ರಲ್ಲೇ ಬ್ರಾಕೆನ್ನನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಫೋರ್ಟ್ ಲೀ, ಪ್ಯಾಲಿಸೇಡ್ಸ್ ಪಾರ್ಕ್ ಕಡೆಯ ಕೊರಿಯನ್ ಅಂಗಡಿಗಳಲ್ಲಿ 'ಗೊಸಾರಿ' ಎಂದು ಒಣಗಿಸಿದ ಕಂದು ದಂಟು ಸಿಗುತ್ತದೆ. ನಮ್ಮವರು ಅದನ್ನು ಒಣ ತೆರ್ಮೆ ಎಂದುಕೊಂಡು ಕೊಳ್ಳುವುದುಂಟು. ಅದು ಬ್ರಾಕೆನ್. ಕೊರಿಯನ್ನರು ಅದನ್ನು ಹೊತ್ತುಗಟ್ಟಲೆ ನೆನೆಸಿ, ಕುದಿಸಿ, ನೀರು ಮತ್ತೆ ಮತ್ತೆ ಚೆಲ್ಲಿ ಹದ ಮಾಡುತ್ತಾರೆ, ಅದರಿಂದ ವಿಷ ಬಹಳಷ್ಟು ಇಳಿಯುತ್ತದೆ. ಆ ಹದ ಅವರ ಮನೆಗಳಲ್ಲಿ ಕೈಯಿಂದ ಕೈಗೆ ಬಂದದ್ದು. ಪ್ಯಾಕೆಟ್ ತಂದು ತೆರ್ಮೆಯ ಲೆಕ್ಕದಲ್ಲಿ ಒಗ್ಗರಣೆಗೆ ಹಾಕಿದರೆ ಅದು ನಮಗೆ ಬರುವುದಿಲ್ಲ.

ಎರಡನೆಯದು ಸಿನಮನ್ ಫರ್ನ್. ಜೌಗಿನಲ್ಲಿ ದಪ್ಪನಾಗಿ, ನೋಡಲು ರಸಭರಿತವಾಗಿ ಏಳುತ್ತದೆ. ಮೈಯೆಲ್ಲ ಬಿಳಿಯಿಂದ ಕಂದಿಗೆ ತಿರುಗುವ ಉಣ್ಣೆ. ಉಣ್ಣೆ ಕಂಡರೆ ಬಿಡಿ, ಅಷ್ಟೇ ನೆನಪಿಟ್ಟರೆ ಸಾಕು. ಉಣ್ಣೆಯಿಲ್ಲದಿದ್ದರೂ ದಂಟಿನಲ್ಲಿ ತೋಡು ಇಲ್ಲವೆಂದರೆ ಬಿಡಿ. ಅಲಂಕಾರದ ಬಾಸ್ಟನ್ ಫರ್ನ್ ಕೂಡ ಅಡುಗೆಗಲ್ಲ, ಆದರೆ ನಾಯಿ ಬೆಕ್ಕು ಕಚ್ಚಿದರೂ ಅದರಿಂದ ವಿಷದ ಭಯವಿಲ್ಲ. 'ಆಸ್ಪರಾಗಸ್ ಫರ್ನ್' ಎಂದು ಮಾರುವುದು ಜರಿಗಿಡವೇ ಅಲ್ಲ. ಅದರ ಕೆಂಪು ಹಣ್ಣು ಸಾಕುಪ್ರಾಣಿಗಳಿಗೆ ಆಗದು.

ಕೀಳುವ ಮುನ್ನ ಕಾನೂನು

ಊರಿನಲ್ಲಿ ತೋಡಿನ ಬದಿಯ ತೆರ್ಮೆ ಕೀಳಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಇಲ್ಲಿ ಹಾಗಲ್ಲ. ನ್ಯೂಯಾರ್ಕ್ ನಗರದ ಪಾರ್ಕುಗಳಲ್ಲಿ ಯಾವ ಗಿಡವನ್ನೂ ಕೀಳುವಂತಿಲ್ಲ. ನ್ಯೂಯಾರ್ಕ್ ರಾಜ್ಯದ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿ ಬ್ರಾಕೆನ್, ಹೇ-ಸೆಂಟೆಡ್, ಸೆನ್ಸಿಟಿವ್ ಈ ಮೂರು ಬಿಟ್ಟು ಅಲ್ಲಿನ ಎಲ್ಲ ಕಾಡು ಜರಿಗಿಡಗಳೂ ಇವೆ. ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಅವನ್ನು ಕೀಳುವುದು ತಪ್ಪು. ನ್ಯೂಜೆರ್ಸಿಯ ರಾಜ್ಯ ಪಾರ್ಕುಗಳಲ್ಲೂ ಕೈಹಾಕಬೇಡಿ.

ಸ್ವಂತ ಹಿತ್ತಲಿನಲ್ಲೋ ಒಪ್ಪಿಗೆಯಿರುವ ಸ್ನೇಹಿತರ ತೋಟದಲ್ಲೋ ಇದ್ದರೆ ಒಂದು ಬುಡದಿಂದ ಮೂರಕ್ಕಿಂತ ಹೆಚ್ಚು ಸುರುಳಿ ಕೀಳಬೇಡಿ. ಇಡೀ ವರ್ಷದ ಆಹಾರವನ್ನು ಗಿಡ ಆ ಎಲೆಗಳಲ್ಲೇ ತಯಾರಿಸಿಕೊಳ್ಳಬೇಕು. ಎಲ್ಲ ಕಿತ್ತರೆ ಬುಡ ಸೊರಗಿ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಗಿಡ ಗುರುತಿಸುವುದರಲ್ಲಿ ಅನುಭವ ಇಲ್ಲದವರು ಸಂತೆಯಿಂದ ಕೊಳ್ಳುವುದೇ ಒಳ್ಳೆಯದು.

ಸಿಂಕಿನಿಂದ ತಟ್ಟೆಗೆ

ಅರ್ಧ ಪೌಂಡ್ ಫಿಡಲ್‌ಹೆಡ್ ನಾಲ್ವರ ಪಲ್ಯಕ್ಕೆ ಸಾಕು. ಬಿಗಿಯಾಗಿ ಸುತ್ತಿಕೊಂಡ, ಕಡು ಹಸಿರಿನ ಸುರುಳಿ ಆರಿಸಿ. ಬಿಚ್ಚಿದ್ದು, ಹಳದಿ ಬಿದ್ದದ್ದು ಬೇಡ.

ಮೊದಲು ಕಂದು ಪೊರೆ ಒಣಗಿರುವಾಗಲೇ ಉಜ್ಜಿ ಊದಿ ತೆಗೆಯಿರಿ. ಒದ್ದೆಯಾದರೆ ಅದು ಸುರುಳಿಯ ಸಂದಿಗೆ ಅಂಟಿಕೊಂಡು ಕೂತುಬಿಡುತ್ತದೆ. ಆಮೇಲೆ ಅಗಲದ ಪಾತ್ರೆಯ ತಣ್ಣೀರಿನಲ್ಲಿ ಮುಳುಗಿಸಿ ಬೆರಳಾಡಿಸಿ. ಮೊದಲ ನೀರು ಚಹಾದ ಬಣ್ಣಕ್ಕೆ ತಿರುಗಿ, ಪೊರೆಯ ಚೂರುಗಳು ತೇಲುತ್ತವೆ. ಚೆಲ್ಲಿ. ಮೂರು ನಾಲ್ಕು ಸಲ ಹೀಗೆ ತೊಳೆದು, ನೀರು ತಿಳಿಯಾದ ಮೇಲೆ ದಂಟಿನ ಕಪ್ಪಾದ ತುದಿ ಕತ್ತರಿಸಿ.

ದೊಡ್ಡ ಪಾತ್ರೆಯಲ್ಲಿ ಉಪ್ಪು ಹಾಕಿದ ನೀರು ಮರಳಿದ ಮೇಲೆ ಸುರುಳಿ ಹಾಕಿ, ಮತ್ತೆ ಕುದಿ ಬಂದಾಗಿನಿಂದ ಹದಿನೈದು ನಿಮಿಷ ಎಣಿಸಿ. ನೀರು ಪೂರ್ತಿ ಬಸಿದು ಚೆಲ್ಲಿ. ಸಾರಿಗೆ ಬಳಸಬೇಡಿ, ಅನ್ನಕ್ಕೂ ಬೇಡ.

ಮುಂದಿನದು ತೆರ್ಮೆಯ ದಾರಿಯೇ. ಎಣ್ಣೆಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಸೀಳಿದ ಹಸಿಮೆಣಸು, ಸಣ್ಣಗೆ ಹೆಚ್ಚಿದ ಈರುಳ್ಳಿ. ಈರುಳ್ಳಿ ಬಾಡಿದ ಮೇಲೆ ಚಿಟಿಕೆ ಅರಿಸಿನ, ಬೆಂದ ಸುರುಳಿ, ಉಪ್ಪು. ಇಳಿಸುವ ಮುನ್ನ ತೆಂಗಿನ ತುರಿ. ಊರಿನಿಂದ ತಂದ ಕಾಚಂಪುಳಿ ಇದ್ದರೆ ನಾಲ್ಕು ಹನಿ, ಇಲ್ಲದಿದ್ದರೆ ನಿಂಬೆರಸ. ಆಸ್ಟ್ರಿಚ್ ಫರ್ನ್‌ಗೆ ತೆರ್ಮೆಯ ಲೋಳೆಗುಣ ಕಡಿಮೆ, ರುಚಿಯಲ್ಲಿ ಹುರುಳಿಕಾಯಿಯ ನೆನಪು ಬರುತ್ತದೆ. ಅಕ್ಕಿ ಒಟ್ಟಿಗೂ ಬಿಸಿ ಅನ್ನಕ್ಕೂ ಹೊಂದುತ್ತದೆ. ಉಳಿಸಿಡಬೇಕೆಂದರೆ ಶುಚಿ ಮಾಡಿ, ಎರಡು ನಿಮಿಷ ಕುದಿನೀರಿನಲ್ಲಿ ಅದ್ದಿ, ತಣ್ಣೀರಿಗೆ ಹಾಕಿ, ನೀರಾರಿಸಿ ಫ್ರೀಜರ್‌ಗೆ ಹಾಕಿ. ಆದರೆ ಅದು ಬೇಯಿಸಿದ ಲೆಕ್ಕವಲ್ಲ. ತಿನ್ನುವ ದಿನ ಮತ್ತೆ ಪೂರ್ತಿ ಕುದಿಸಲೇಬೇಕು.

ನಿಜವಾದ ತೆರ್ಮೆ, ಕುಂಡದಲ್ಲಿ

ಊರಿಂದ ಬುಡ ಕಿತ್ತು ಸೂಟ್‌ಕೇಸಿನಲ್ಲಿ ತರುವ ಯೋಚನೆ ಬೇಡ. ಮಣ್ಣಿರುವ ಗಿಡಕ್ಕೆ ಅಮೆರಿಕದೊಳಗೆ ಪ್ರವೇಶವಿಲ್ಲ. ಬರಿಬೇರಿನ ಗಿಡಕ್ಕೂ ಭಾರತದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ಅದಕ್ಕಿಂತ ಸುಲಭ, ಅಮೆರಿಕದೊಳಗಿನ ನರ್ಸರಿಗಳಲ್ಲಿ 'ವೆಜಿಟೆಬಲ್ ಫರ್ನ್' ಎಂದು ಕೇಳುವುದು. ಸಸ್ಯಶಾಸ್ತ್ರೀಯ ಹೆಸರನ್ನು ಲೇಬಲ್ಲಿನಲ್ಲಿ ಓದಿಯೇ ಕೊಳ್ಳಿ. ಬೀಜಕದಿಂದ ಬೆಳೆಸುವ ತಾಳ್ಮೆಯಿದ್ದರೆ, 1893ರಲ್ಲಿ ಹುಟ್ಟಿದ ಅಮೆರಿಕನ್ ಫರ್ನ್ ಸೊಸೈಟಿ ಸದಸ್ಯರಿಗಾಗಿ ಬೀಜಕ ವಿನಿಮಯ ನಡೆಸುತ್ತದೆ.

ಹನ್ನೆರಡು ಇಂಚಿನ ಕುಂಡ, ಅರ್ಧ ತೆಂಗಿನ ನಾರಿನ ಪುಡಿ, ಅರ್ಧ ಎಲೆಗೊಬ್ಬರ. ಕುಂಡದಡಿಯ ತಟ್ಟೆಯಲ್ಲಿ ಬೇಸಿಗೆಯಿಡೀ ಒಂದು ಇಂಚು ನೀರು ನಿಂತಿರಲಿ. ಬೇರೆ ಗಿಡಕ್ಕೆ ಹೀಗೆ ಮಾಡಿದರೆ ಬೇರು ಕೊಳೆಯುತ್ತದೆ, ತೋಡಿನ ಗಿಡಕ್ಕೆ ಇದೇ ತೋಡು. ಮೇ ಕೊನೆಯ ಮೆಮೋರಿಯಲ್ ಡೇ ಕಳೆದ ಮೇಲೆ ಹೊರಗಿಡಿ, ಬೆಳಗಿನ ಎಳೆ ಬಿಸಿಲು ಸಾಕು, ಮಧ್ಯಾಹ್ನ ನೆರಳು ಬೇಕು. ರಾತ್ರಿಯ ಉಷ್ಣತೆ ಐವತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವ ಮುನ್ನ, ಅಂದರೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಒಳಗೆ ತನ್ನಿ.

ಚಳಿಗಾಲದ ಶತ್ರು ಚಳಿಯಲ್ಲ, ಹೀಟರ್. ಅದು ಮನೆಯ ಗಾಳಿಯ ತೇವವನ್ನೆಲ್ಲ ಹೀರುತ್ತದೆ, ಎಲೆಯಂಚು ಕಂದಾಗುತ್ತದೆ. ರೇಡಿಯೇಟರ್‌ನಿಂದ ದೂರ, ಪೂರ್ವದ ಕಿಟಕಿಯ ಬಳಿ ಅಥವಾ ಬೆಳಕಿರುವ ಬಚ್ಚಲುಮನೆಯಲ್ಲಿ ಇಡಿ. ನೀರು ತುಸು ಕಡಿಮೆ ಮಾಡಿ, ಆದರೆ ಒಣಗಲು ಬಿಡಬೇಡಿ. ತಿನ್ನುವ ಗಿಡವಾದ್ದರಿಂದ ಕೀಟನಾಶಕ ಬೇಡ. ನರ್ಸರಿಯಿಂದ ತಂದ ಗಿಡಕ್ಕೆ ಅಲ್ಲಿ ಏನು ಹೊಡೆದಿದ್ದರೋ ತಿಳಿಯದು, ಆದ್ದರಿಂದ ಮೊದಲ ವರ್ಷದ ಸುರುಳಿ ಗಿಡಕ್ಕೇ ಇರಲಿ. ಗಿಡ ಹೆಚ್ಚಾದರೆ ಹಂಚಿ, ಹಳ್ಳಕ್ಕೆ ಎಸೆಯಬೇಡಿ. ಫ್ಲಾರಿಡಾ, ಹವಾಯಿಯಂಥ ಬೆಚ್ಚನೆಯ ಕಡೆ ಇದು ಕಾಡು ಸೇರಿ ಹಬ್ಬಿದೆ.

ಅಷ್ಟರೊಳಗೆ ಒಂದು ಭಾನುವಾರ ಮಕ್ಕಳನ್ನು ಬ್ರಾಂಕ್ಸ್‌ನ ನ್ಯೂಯಾರ್ಕ್ ಬಟಾನಿಕಲ್ ಗಾರ್ಡನ್‌ಗೆ ಕರೆದೊಯ್ಯಿರಿ. 1902ರಲ್ಲಿ ತೆರೆದ ಅಲ್ಲಿನ ಗಾಜಿನ ಮನೆಯೊಳಗೆ ಉಷ್ಣವಲಯದ ಕಾಡಿನ ವಿಭಾಗಗಳಿವೆ. ಕಾಲಿಟ್ಟ ಕೂಡಲೇ ಕನ್ನಡಕ ಮಸುಕಾಗುವಷ್ಟು ತೇವ, ಮಳೆ ನಿಂತ ಹಿತ್ತಲಿನ ವಾಸನೆ. ಕೀಳದೆ, ಬಗ್ಗಿಸದೆ, ತಲೆಯ ಮಟ್ಟದಲ್ಲಿರುವ ಜರಿ ಎಲೆಗಳ ಅಡಿಯನ್ನು ಮಕ್ಕಳಿಗೆ ಬಗ್ಗಿ ನೋಡಲು ಹೇಳಿ. ಚುಕ್ಕೆ ಯಾವುದರಲ್ಲಿದೆ, ಗೀರು ಯಾವುದರಲ್ಲಿದೆ ಎಂದು ಅವರೇ ಹೇಳಲಿ. ನಮ್ಮ ಅಜ್ಜಿಯರು ಒಂದು ತೋಡನ್ನು ಅಂಗೈಯಷ್ಟು ಚೆನ್ನಾಗಿ ಬಲ್ಲವರು, ಕಣ್ಣುಮುಚ್ಚಿ ಕಿತ್ತರೂ ತಪ್ಪುತ್ತಿರಲಿಲ್ಲ. ಹೊಸ ನೆಲದಲ್ಲಿ ಆ ತಿಳಿವಳಿಕೆಯನ್ನು ಮೊದಲಿನಿಂದ ಕಟ್ಟಬೇಕು. ಎಲೆ ಮಗುಚಿ ನೋಡುವುದರಿಂದಲೇ ಅದು ಶುರುವಾಗುತ್ತದೆ.

ಎರಡನೆಯ ವರ್ಷ, ಊರಿನಲ್ಲಿ ಕಕ್ಕಡದ ಮಳೆ ಸುರಿಯುವ ಜುಲೈ ಕೊನೆಯಲ್ಲಿ, ನಿಮ್ಮ ಕುಂಡದಲ್ಲಿ ಮೂರು ಸುರುಳಿ ಒಟ್ಟಿಗೆ ಏಳಬಹುದು. ಎರಡು ಕೀಳಿ, ಒಂದು ಬಿಡಿ.